ಹಿಂದಿನ ಓನರ್ ನಂಬರ್ ಕೊಡಿ

"ಮುಂಚೆ ಎಲ್ಲಿದ್ರಿ?" "ಅಲ್ಲಿ ಯಾಕೆ ಖಾಲಿ ಮಾಡ್ತಿದೀರಿ?" "ಆ ಓನರ್ ನಂಬರ್ ಕೊಡಿ, ಒಂದು ಮಾತು ಕೇಳ್ತೀನಿ." ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಕಡೆ ಟು-ಲೆಟ್ ಬೋರ್ಡು ನೋಡಿಕೊಂಡು ಅಲೆದವರಿಗೆ ಈ ಮೂರು ಮಾತು ಇದೇ ಕ್ರಮದಲ್ಲಿ ಬಾಯಿಪಾಠವಾಗಿರುತ್ತವೆ. ನಂಬರ್ ಕೊಟ್ಟು ಮನೆ ಕೇಳಲು ಬಂದವರು ಹೊರಡುತ್ತಾರೆ. ಆಮೇಲೆ ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ಮಾಲೀಕರು, ಅಲ್ಲಿಲ್ಲದ ಮೂರನೆಯವರ ಬಗ್ಗೆ ಎರಡು ಮೂರು ನಿಮಿಷ ಮಾತಾಡುತ್ತಾರೆ. ಒಂದು ಸಂಸಾರ ಮುಂದಿನ ಕೆಲವು ವರ್ಷ ಯಾವ ಬೀದಿಯಲ್ಲಿರಬೇಕು, ಮಕ್ಕಳು ಯಾವ ಸ್ಕೂಲಿಗೆ ಹೋಗಬೇಕು ಅನ್ನುವುದು ಆ ಎರಡು ಮೂರು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ನಾನು ಆ ಫೋನ್ ಮಾಡಿದ್ದೇನೆ. ಅಂಥ ಫೋನ್ ನನಗೂ ಬಂದಿದೆ. ಬಸವೇಶ್ವರನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗೆ ಕೊಡುವ ಒಂದು ಪೋರ್ಷನ್ ಇದೆ. ಈ ಮನೆ ಕಟ್ಟುವುದಕ್ಕೆ ಮುಂಚೆ ಹದಿನಾಲ್ಕು ವರ್ಷ ನಾವೇ ಬಾಡಿಗೆಗಿದ್ದೆವು. ಆಗ ನಮ್ಮ ಬಗ್ಗೆಯೂ ಯಾರೋ ಯಾರಿಗೋ ಏನೋ ಹೇಳಿರಬೇಕು. ಅದೇನೆಂದು ಇವತ್ತಿಗೂ ನಮಗೆ ತಿಳಿಯದು. ಹಾಗಾಗಿ ಈ ಫೋನಿನ ಬಗ್ಗೆ ನನ್ನನ್ನು ಕಾಡುವ ಪ್ರಶ್ನೆ ಮೂರು: ಕೇಳುವ ಹಕ್ಕು ಎಷ್ಟು? ಹೇಳುವ ಹಕ್ಕು ಎಷ್ಟು? ಯಾರ ಬಗ್ಗೆ ಮಾತು ನಡೆಯುತ್ತಿದೆಯೋ ಅವರಿಗೆ ಆ ಮಾತಿನಲ್ಲಿ ಪಾಲೇನು?

ಮೊದಲು ಕೇಳುವವರ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ನಮ್ಮ ಕಡೆಯ ಮನೆ ಮಾಲೀಕರಲ್ಲಿ ಅನೇಕರು ದೊಡ್ಡ ಆಸ್ತಿವಂತರೇನಲ್ಲ. 1945ರಲ್ಲಿ ಶುರುವಾದ ಸಿಐಟಿಬಿ, 1976ರಲ್ಲಿ ಅದರ ಜಾಗಕ್ಕೆ ಬಂದ ಬಿಡಿಎ ಹಂಚಿದ ಸೈಟುಗಳಲ್ಲಿ ಕಾರ್ಖಾನೆಯ, ಬ್ಯಾಂಕಿನ, ಸ್ಕೂಲಿನ ಸಂಬಳದಲ್ಲಿ ಕಟ್ಟಿದ ಮನೆಗಳು ಇವು. ಕೆಳಗೆ ತಾವು, ಮೇಲೆ ಬಾಡಿಗೆ. ನಿವೃತ್ತರಾದವರಿಗೆ ಮೇಲಿನ ಬಾಡಿಗೆಯೇ ಅರ್ಧ ಪೆನ್ಷನ್. ಗೇಟು ಒಂದೇ, ಸಂಪು ಒಂದೇ, ಮೆಟ್ಟಿಲು ಒಂದೇ. ಬಂದವರು ಬಾಡಿಗೆ ನಿಲ್ಲಿಸಿ ಕೂತರೆ ಕೋರ್ಟಿಗೆ ಹೋಗಬೇಕು. ಕೋರ್ಟಿಗೆ ಹೋದರೆ ವರ್ಷಗಳು. ಇಂಥ ಕಡೆ, ಗೊತ್ತಿಲ್ಲದವರ ಕೈಗೆ ಬೀಗದ ಕೈ ಕೊಡುವ ಮುಂಚೆ ಒಂದು ಮಾತು ವಿಚಾರಿಸುವುದು ತಪ್ಪೆಂದು ಯಾರೂ ಹೇಳಲಾರರು.

ವಠಾರಗಳ ಕಾಲದಲ್ಲಿ ಫೋನ್ ಬೇಕಿರಲಿಲ್ಲ. ನಿರಂಜನರ 'ರಂಗಮ್ಮನ ವಠಾರ' ಓದಿದವರಿಗೆ ಆ ಲೋಕ ಗೊತ್ತಿರುತ್ತದೆ. ಒಡತಿ ಅಲ್ಲೇ ಇರುತ್ತಿದ್ದಳು. ಯಾರ ಮನೆಯ ದೀಪ ಎಷ್ಟು ಹೊತ್ತಿಗೆ ಆರುತ್ತದೆ ಅನ್ನುವುದೂ ಅವಳಿಗೆ ತಿಳಿದಿರುತ್ತಿತ್ತು. ಕಾನೂನಿನ ಲೆಕ್ಕದಲ್ಲಂತೂ ಆಯ್ಕೆ ಪೂರ್ತಿ ಮಾಲೀಕರದ್ದಾಗಿರಲಿಲ್ಲ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಮನೆ ಖಾಲಿಯಾದರೆ ಬಾಡಿಗೆ ನಿಯಂತ್ರಕರಿಗೆ ತಿಳಿಸಬೇಕಿತ್ತು. ಅವರು ಅದನ್ನು ಇಂಥವರಿಗೆ ಕೊಡಿ ಎಂದು ಆದೇಶ ಮಾಡಬಹುದಿತ್ತು. ಆ ಕಾಯ್ದೆಯ ಜಾಗಕ್ಕೆ ಬಂದ 1999ರ ಬಾಡಿಗೆ ಕಾಯ್ದೆ, ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಇವತ್ತು ಆ ದುಡ್ಡಿಗೆ ಒಂದು ಕೋಣೆ ಸಿಗುವುದೂ ಕಷ್ಟ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ ನಮ್ಮ ಬಾಡಿಗೆ ಕರಾರುಗಳು 11 ತಿಂಗಳಿಗೆ ನಿಲ್ಲುತ್ತವೆ. ಹೀಗೆ ಮಾಲೀಕರಿಗೂ ಬಾಡಿಗೆದಾರರಿಗೂ ನಡುವೆ ಕೊನೆಗೆ ಉಳಿಯುವುದು ಒಂದು ಛಾಪಾ ಕಾಗದ, ಹತ್ತು ತಿಂಗಳ ಅಡ್ವಾನ್ಸ್, ಮತ್ತೆ ಆ ಫೋನ್ ಕರೆ. ಅದರ ಮೇಲೆ ಇಷ್ಟೊಂದು ಭಾರ ಬಿದ್ದಿರುವುದು ಇದರಿಂದಲೇ.

ಕಂಡವರ ಮಾತನ್ನು ಯಾವಾಗ ನಂಬಬೇಕು ಅನ್ನುವುದನ್ನು ನಮ್ಮ ಹಳೆಯ ತಾರ್ಕಿಕರು ತುಂಬ ಶ್ರದ್ಧೆಯಿಂದ ಚರ್ಚಿಸಿದ್ದಾರೆ. ನ್ಯಾಯದರ್ಶನ ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಶಬ್ದವನ್ನೂ ಪ್ರಮಾಣವೆಂದು ಒಪ್ಪುತ್ತದೆ. ಶಬ್ದ ಅಂದರೆ ಆಪ್ತನ ಮಾತು. ಇವತ್ತಿನ ಕನ್ನಡದಲ್ಲಿ ಆಪ್ತ ಅಂದರೆ ನಮ್ಮವನು, ಹತ್ತಿರದವನು. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನನಿಗೆ ಈ ಅರ್ಥವೇ ಇಲ್ಲ. ಅವನ ಪ್ರಕಾರ ಆಪ್ತನಾಗಲು ಎರಡು ಬೇಕು: ವಿಷಯವನ್ನು ತಾನೇ ಕಂಡಿರಬೇಕು, ಕಂಡದ್ದನ್ನು ಕಂಡ ಹಾಗೆ ತಿಳಿಸುವ ಇಚ್ಛೆ ಇರಬೇಕು. ಋಷಿಯಾಗಲಿ, ಆರ್ಯನಾಗಲಿ, ಮ್ಲೇಚ್ಛನಾಗಲಿ, ಲಕ್ಷಣ ಎಲ್ಲರಿಗೂ ಒಂದೇ ಎಂದೂ ಅವನು ಸೇರಿಸುತ್ತಾನೆ. ಮಾತಿನ ಬೆಲೆ ಆಡಿದವನ ಹುಟ್ಟಿನಿಂದ ಬರುವುದಿಲ್ಲ. ಅವನು ಏನು ಕಂಡ, ಯಾಕೆ ಹೇಳುತ್ತಿದ್ದಾನೆ ಅನ್ನುವುದರಿಂದ ಬರುತ್ತದೆ.

ಈ ಎರಡನ್ನು ಹಿಂದಿನ ಓನರ್ ಮೇಲೆ ಇಟ್ಟು ನೋಡಿ. ಕಂಡಿದ್ದಾರೆಯೇ? ಹೌದು, ಮೂರು ವರ್ಷ ಬಾಡಿಗೆ ಎಣಿಸಿಕೊಂಡಿದ್ದಾರೆ. ಕಂಡ ಹಾಗೆ ಹೇಳುವ ಇಚ್ಛೆ ಇದೆಯೇ? ತೊಡಕು ಇಲ್ಲಿದೆ. ಈಗಿರುವ ಮನೆಯ ಮಾಲೀಕರಿಗೆ ಈ ಬಾಡಿಗೆದಾರರು ಹೋದರೆ ಸಾಕಾಗಿದ್ದರೆ, ಅವರು ಬಾಯ್ತುಂಬ ಹೊಗಳುತ್ತಾರೆ. ಇಂಥವರು ಮತ್ತೆ ಸಿಗುವುದಿಲ್ಲ ಅನ್ನಿಸಿದ್ದರೆ ಸಣ್ಣದೊಂದು ಅನುಮಾನ ಬಿತ್ತಿ ಸುಮ್ಮನಾಗಬಹುದು. ಅಂದರೆ ತುಂಬ ಒಳ್ಳೆಯ ಮಾತು ತುಂಬ ಕೆಟ್ಟ ಬಾಡಿಗೆದಾರರ ಬಗ್ಗೆ ಬರಬಹುದು. ಅದಕ್ಕೇ ಪಳಗಿದ ಬ್ರೋಕರುಗಳು ಅದಕ್ಕೂ ಹಿಂದಿನ ಮನೆಯವರನ್ನು ಕೇಳಿ ಎನ್ನುತ್ತಾರೆ. ಅವರಿಗೆ ಈಗ ಲಾಭವೂ ಇಲ್ಲ, ನಷ್ಟವೂ ಇಲ್ಲ. ವಾತ್ಸ್ಯಾಯನನ ಎರಡನೆಯ ಷರತ್ತನ್ನು ಬ್ರೋಕರುಗಳು ತಮ್ಮ ಅನುಭವದಿಂದಲೇ ಕಂಡುಕೊಂಡಿದ್ದಾರೆ.

ಕೆಲವು ವರ್ಷದ ಹಿಂದೆ ನಮ್ಮ ಮಹಡಿ ಮನೆ ಕೇಳಿಕೊಂಡು ಒಬ್ಬರು ಹೆಂಗಸು ಬಂದರು. ರಾಜಾಜಿನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಕೆಲಸ, ಜೊತೆಗೆ ತಾಯಿ ಮತ್ತು ಪಿಯುಸಿ ಓದುವ ಮಗ. ಹಿಂದಿನ ಓನರ್‌ಗೆ ಫೋನ್ ಮಾಡಿದೆ. "ಬಾಡಿಗೆ ಏನೋ ಸರಿಯಾಗೇ ಕೊಡ್ತಿದ್ರು. ಆದ್ರೆ ಆಯಮ್ಮ ಸ್ವಲ್ಪ ಜೋರು. ಖಾಲಿ ಮಾಡೋವಾಗ ಗಲಾಟೆ ಆಯ್ತು, ಪೊಲೀಸರವರೆಗೂ ಹೋಯ್ತು. ನಿಮಗ್ಯಾಕೆ ಸರ್ ಆ ತಲೆನೋವು?" ಅಂದರು. ಧ್ವನಿಯಲ್ಲಿ ನನ್ನ ಬಗ್ಗೆ ಕಾಳಜಿಯೇ ಇತ್ತು.

ಮರುದಿನ ಅವರು ಬಂದಾಗ ಕೇಳಿದೆ: "ಅಮ್ಮಾ, ಹೀಗೆ ಹೇಳಿದರು. ಏನಾಯಿತು?" ಅವರಿಗೆ ಸಿಟ್ಟು ಬರಲಿಲ್ಲ. ಚೀಲದಿಂದ ಒಂದು ಹಾಳೆ ತೆಗೆದರು, ಲೆಕ್ಕ ಬರೆಯುವವರ ಕೈಬರಹ. ಬಾಡಿಗೆ 14,000. ಅಡ್ವಾನ್ಸ್ 1,40,000. ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ವಾಡಿಕೆ, ಅದು 14,000. ಬರಬೇಕಾದ್ದು 1,26,000. ಬಂದದ್ದು 60,000. ಬಾಕಿ 66,000 ರೂಪಾಯಿಯನ್ನು ಎರಡು ತಿಂಗಳು ಫೋನಿನಲ್ಲಿ ಕೇಳಿ, ಆಮೇಲೆ ಗೇಟಿನ ಮುಂದೆ ನಿಂತು ಕೇಳಿ, ಕೊನೆಗೆ ಠಾಣೆಗೆ ಹೋಗಿ ದೂರು ಕೊಟ್ಟಿದ್ದರು. "ಅದನ್ನೇ ಗಲಾಟೆ ಅಂದಿರಬೇಕು ಸರ್" ಅಂದರು.

ಅದಕ್ಕೂ ಮುಂಚೆ ಅವರು ಕೆಂಗೇರಿ ಉಪನಗರದಲ್ಲಿ ಐದು ವರ್ಷ ಇದ್ದರು. ಅಲ್ಲಿಯ ಮಾಲೀಕರಿಗೂ ಫೋನ್ ಮಾಡಿದೆ. ವಯಸ್ಸಾದವರು, ನಿಧಾನವಾಗಿ ನೆನಪು ಮಾಡಿಕೊಂಡು ಹೇಳಿದರು: "ಒಂದೊಂದು ತಿಂಗಳು ಐದನೇ ತಾರೀಖು ದಾಟೋದು. ಆದರೆ ದಾಟೋಕೆ ಮುಂಚೆ ಬಂದು ಹೇಳೋರು. ನಲ್ಲಿ ಕೆಟ್ಟರೆ ತಾವೇ ಮಾಡಿಸಿ ಬಿಲ್ ತಂದು ತೋರಿಸೋರು." ಇದರಲ್ಲಿ ಹೊಗಳಿಕೆಯೂ ಇತ್ತು, ದೂರೂ ಇತ್ತು. ಎರಡಕ್ಕೂ ತಾರೀಖು, ಬಿಲ್ಲುಗಳ ಆಧಾರವಿತ್ತು. ಮೊದಲಿನವರು ಒಂದು ಗುಣವಿಶೇಷಣ ಕೊಟ್ಟಿದ್ದರು, ಇವರು ನಡೆದದ್ದನ್ನು ಹೇಳಿದರು.

ಗಮನಿಸಿ, ಮೊದಲ ಮಾಲೀಕರು ಒಂದು ಸುಳ್ಳನ್ನೂ ಆಡಿರಲಿಲ್ಲ. ಖಾಲಿ ಮಾಡುವಾಗ ಗಲಾಟೆ ಆಗಿದ್ದು ನಿಜ, ಪೊಲೀಸರವರೆಗೆ ಹೋಗಿದ್ದೂ ನಿಜ. ಯಾರ ದುಡ್ಡಿಗಾಗಿ ಗಲಾಟೆ ಅನ್ನುವುದೊಂದು ಬಿಟ್ಟುಹೋಗಿತ್ತು. ಕುರುಕ್ಷೇತ್ರದಲ್ಲಿ ಧರ್ಮರಾಯ ಅಶ್ವತ್ಥಾಮನ ಹೆಸರನ್ನು ಗಟ್ಟಿಯಾಗಿ ಹೇಳಿ ಆನೆ ಅನ್ನುವುದನ್ನು ತಗ್ಗಿದ ದನಿಯಲ್ಲಿ ಹೇಳಿದ ಕತೆ ನಮಗೆಲ್ಲ ಗೊತ್ತು. ಪದಪದವೂ ನಿಜವಾಗಿದ್ದ ಆ ವಾಕ್ಯಕ್ಕಾಗಿ ಅವನ ರಥ ನೆಲ ಮುಟ್ಟಿತು ಅನ್ನುತ್ತದೆ ಮಹಾಭಾರತ. ಕೇಳಿದವರ ಮನಸ್ಸಿನಲ್ಲಿ ಏನು ಮೂಡಬೇಕೆಂದು ಆಡುತ್ತೇವೋ ಅದಕ್ಕೂ ನಾವು ಹೊಣೆ. ಬಾಡಿಗೆದಾರರ ಬಗ್ಗೆ ಆಡುವ "ಆದ್ರೆ..." ಅನ್ನುವ ಆ ಎಳೆತದಲ್ಲಿ ಎಷ್ಟು ಆನೆಗಳು ತಗ್ಗಿದ ದನಿಯಲ್ಲಿ ಸತ್ತಿವೆಯೋ.

ಮಾಲೀಕರು ನಿಜಕ್ಕೂ ಯಾವುದಕ್ಕೆ ಸಾಕ್ಷಿ ಅನ್ನುವುದನ್ನೂ ಯೋಚಿಸಬೇಕು. ಬಾಡಿಗೆ ಯಾವಾಗ ಬಂತು, ಮನೆ ಯಾವ ಸ್ಥಿತಿಯಲ್ಲಿ ವಾಪಸ್ ಬಂತು, ನೋಟಿಸ್ ಕೊಟ್ಟು ಖಾಲಿ ಮಾಡಿದರೇ, ಅಕ್ಕಪಕ್ಕದವರಿಗೆ ತೊಂದರೆಯಾಗಿ ದೂರು ಬಂದಿತ್ತೇ. ಕರಾರಿನ ಒಂದು ಪಕ್ಷವಾಗಿ ಅವರು ಕಂಡದ್ದು ಇಷ್ಟು. ಫೋನಿನಲ್ಲಿ ನಡೆಯುವ ಮಾತು ಇಷ್ಟಕ್ಕೇ ನಿಲ್ಲುವುದಿಲ್ಲ. ರಾತ್ರಿ ಎಷ್ಟು ಹೊತ್ತಿಗೆ ಬರುತ್ತಿದ್ದರು, ಯಾರು ಯಾರು ಬಂದುಹೋಗುತ್ತಿದ್ದರು, ಗಂಡ ಯಾಕೆ ಜೊತೆಗಿಲ್ಲ, ಅಡುಗೆಮನೆಯಲ್ಲಿ ಏನು ಬೇಯುತ್ತಿತ್ತು. ಒಂದು ಕರೆಯಲ್ಲಿ ನನ್ನನ್ನೇ ಒಬ್ಬರು, "ಎಲ್ಲಾ ಸರಿ ಸರ್, ಅವರು ಯಾವ ಜನ ಅಂತ ಗೊತ್ತಾಗಲಿಲ್ಲ" ಎಂದು ಕೇಳಿದ್ದರು. "ಅದು ನನಗೂ ಗೊತ್ತಿಲ್ಲ, ಬಾಡಿಗೆ ಚೀಟಿಯಲ್ಲಿ ಆ ಕಾಲಂ ಇರಲಿಲ್ಲ" ಎಂದೆ. ಅವರು ನಕ್ಕರು, ಅವರಿಗೆ ನಗು ಬರಲಿಲ್ಲವೆಂದು ನನಗೆ ತಿಳಿಯಿತು. ಅಸ್ಪೃಶ್ಯತೆಯ ಕಾರಣಕ್ಕೆ ವಾಸದ ಮನೆಗೆ ಅಡ್ಡಿ ಮಾಡುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಎದುರು ಕೂತವರನ್ನು ಕೇಳಲು ನಾಚಿಕೆಯಾಗುವ ಪ್ರಶ್ನೆಗೆ ಈ ಫೋನ್ ಹಿತ್ತಲ ಬಾಗಿಲಾಗಿದೆ. ಎದುರಿಗೆ ಕೇಳಲಾಗದ್ದನ್ನು ಬೆನ್ನ ಹಿಂದೆ ಕೇಳಬಾರದು ಅನ್ನುವ ಒಂದೇ ನಿಯಮ ಇಟ್ಟುಕೊಂಡರೂ ಈ ಕರೆಗಳ ಅರ್ಧ ಮಾತು ಉದುರಿಹೋಗುತ್ತದೆ.

ಹೇಳುವವರಿಗೆ ಕಾನೂನಿನ ರಕ್ಷಣೆಯೂ ಇದೆ, ಅದರ ಮಿತಿಯೂ ಇದೆ. 1860ರ ಭಾರತೀಯ ದಂಡ ಸಂಹಿತೆ ಮಾನಹಾನಿಗೆ ಕೆಲವು ವಿನಾಯಿತಿಗಳನ್ನು ಕೊಟ್ಟಿತ್ತು. 2023ರ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅವು ಉಳಿದಿವೆ. ಒಬ್ಬ ಅಂಗಡಿಯವನು ತನ್ನ ವ್ಯಾಪಾರ ನೋಡಿಕೊಳ್ಳುವವನಿಗೆ, ಇಂಥವರಿಗೆ ಉದ್ರಿ ಕೊಡಬೇಡ, ಅವರ ಪ್ರಾಮಾಣಿಕತೆ ಮೇಲೆ ನನಗೆ ನಂಬಿಕೆಯಿಲ್ಲ ಎಂದರೆ, ತನ್ನ ಹಿತ ಕಾಯಲು ಸದ್ಭಾವನೆಯಿಂದ ಆಡಿದ ಆ ಮಾತು ಮಾನಹಾನಿಯಾಗದು. ಕೇಳಿದವರ ಹಿತಕ್ಕಾಗಿ ಸದ್ಭಾವನೆಯಿಂದ ಕೊಡುವ ಎಚ್ಚರಿಕೆಗೂ ಇಂಥದೇ ವಿನಾಯಿತಿ ಇದೆ. ಆದರೆ ಈ ಕಾನೂನಿನಲ್ಲಿ ಸದ್ಭಾವನೆ ಅಂದರೆ ಒಳ್ಳೆಯ ಮನಸ್ಸು ಇದ್ದರೆ ಸಾಲದು. ತಕ್ಕ ಎಚ್ಚರ, ತಕ್ಕ ಗಮನವೂ ಇರಬೇಕು. ಉದ್ದೇಶ ಒಳ್ಳೆಯದಾಗಿತ್ತು, ವಿಚಾರಿಸಲಿಲ್ಲ ಅಷ್ಟೇ ಅನ್ನುವುದು ಅಲ್ಲಿ ಸಮಜಾಯಿಷಿಯಾಗುವುದಿಲ್ಲ. ಅಂಗಳದಲ್ಲಿ ನಿಂತು ಆಡುವ ಮಾತಿಗೂ ಇದಕ್ಕಿಂತ ಒಳ್ಳೆಯ ಅಳತೆ ನನಗೆ ಕಾಣುವುದಿಲ್ಲ.

ಹಾಗಾದರೆ ಯಾರ ಬಗ್ಗೆ ಮಾತಾಯಿತೋ ಅವರಿಗೆ ಅದನ್ನು ತಿಳಿಸಬೇಕೇ? ತಿಳಿಸಬೇಕು ಅನ್ನುವುದು ನನ್ನ ನಿಲುವು. ಅಮೆರಿಕದಲ್ಲಿ ಬಾಡಿಗೆದಾರರ ಹಿನ್ನೆಲೆ ವರದಿ ಮಾಡಿಕೊಡುವ ಕಂಪನಿಗಳೇ ಇವೆ. ಅಲ್ಲಿಯ 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯ್ದೆಯ ಪ್ರಕಾರ ಅಂಥ ವರದಿ ನೋಡಿ ಮನೆ ನಿರಾಕರಿಸಿದರೆ, ಯಾವ ಕಂಪನಿಯ ವರದಿ ಎಂದು ಅರ್ಜಿದಾರರಿಗೆ ತಿಳಿಸಬೇಕು. ಅವರು ಅದನ್ನು ತರಿಸಿಕೊಂಡು ನೋಡಿ, ತಪ್ಪಿದ್ದರೆ ಪ್ರಶ್ನಿಸಬಹುದು. ನಮ್ಮ ಫೋನ್ ಕರೆಗೆ ವರದಿಯೂ ಇಲ್ಲ, ಪ್ರತಿಯೂ ಇಲ್ಲ. "ಮನೇಲಿ ಬೇರೆಯವರಿಗೆ ಮಾತು ಕೊಟ್ಟುಬಿಟ್ಟಿದ್ದಾರೆ" ಅನ್ನುವ ಸಭ್ಯ ಸುಳ್ಳು ಕೇಳಿ ಅವರು ಮುಂದಿನ ಬೋರ್ಡು ಹುಡುಕಿಕೊಂಡು ಹೋಗುತ್ತಾರೆ. ಮೂರು ಮನೆ ತಪ್ಪಿದರೂ ಯಾವ ಮಾತಿನಿಂದ ತಪ್ಪಿತು ಅನ್ನುವುದು ಅವರಿಗೆ ತಿಳಿಯುವುದಿಲ್ಲ.

ಇದಕ್ಕೆ ಒಂದು ಆಕ್ಷೇಪಣೆ ಇದೆ, ಅದು ಸಣ್ಣದಲ್ಲ. ಹೇಳಿದ್ದೆಲ್ಲ ಅವರ ಕಿವಿಗೆ ಬೀಳುತ್ತದೆ ಅಂದರೆ ಯಾರು ನಿಜ ಹೇಳುತ್ತಾರೆ? ಎಲ್ಲರೂ "ಒಳ್ಳೆ ಜನ ಸರ್" ಎಂದು ಫೋನ್ ಇಡುತ್ತಾರೆ. ಹೊಸ ಮಾಲೀಕರು ಕುರುಡಾಗುತ್ತಾರೆ. ಈ ಭಯ ನಿಜವೇ. ಆದರೆ ಕೆಂಗೇರಿಯ ಆ ಹಿರಿಯರ ಮಾತನ್ನು ನೋಡಿ: ಬಾಡಿಗೆ ಐದನೇ ತಾರೀಖು ದಾಟುತ್ತಿತ್ತು ಅನ್ನುವುದನ್ನು ಅವರು ಆ ಹೆಂಗಸಿನ ಎದುರಿಗೇ ಹೇಳಬಲ್ಲರು. ಅದು ಅವರಿಬ್ಬರಿಗೂ ಗೊತ್ತಿದ್ದ ಸಂಗತಿ. ನಡೆದದ್ದನ್ನು ಹೇಳುವವರಿಗೆ ಗುಟ್ಟಿನ ಅಗತ್ಯ ಕಡಿಮೆ. "ಜೋರು", "ಸರಿಯಿಲ್ಲ", "ಒಂಥರಾ" ಅನ್ನುವ ಮಾತುಗಳಿಗೇ ಕತ್ತಲು ಬೇಕಾಗುವುದು. ಗುಟ್ಟು ಹೋದರೆ ನಾವು ಕಳೆದುಕೊಳ್ಳುವುದು ಬಹುಪಾಲು ಅಂಥ ಮಾತುಗಳನ್ನೇ. ಬಾಡಿಗೆದಾರರು ಹೊಡೆದಾರು ಅನ್ನುವಂಥ ಭಯ ಇರುವ ಪ್ರಸಂಗಗಳೂ ಇವೆ. ಅಲ್ಲಿ ಹೇಳಿದವರ ಹೆಸರು ಮುಚ್ಚಿಟ್ಟು ಆರೋಪವನ್ನಾದರೂ ತಿಳಿಸಿ ಉತ್ತರ ಕೇಳಬಹುದು.

ಆ ದಿನ ಆ ಹೆಂಗಸು ಇನ್ನೊಂದು ಮಾತು ಕೇಳಿದ್ದರು. ಹಾಳೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು, ತೀರಾ ಮೆಲ್ಲಗೆ, "ಸರ್, ನಿಮ್ಮ ಮನೇಲಿ ಮುಂಚೆ ಇದ್ದವರ ನಂಬರ್ ಕೊಡ್ತೀರಾ?" ಅಂದರು. ಒಳಗಿದ್ದ ನನ್ನ ಹೆಂಡತಿ ಬಾಗಿಲಿಗೆ ಬಂದು ನಿಂತಳು. ಇಂಥ ಪ್ರಶ್ನೆಯನ್ನು ನಮಗೆ ಯಾರೂ ಕೇಳಿರಲಿಲ್ಲ. ನಾವು ಬಾಡಿಗೆಗಿದ್ದ ಹದಿನಾಲ್ಕು ವರ್ಷದಲ್ಲಿ ನಾವೂ ಯಾರನ್ನೂ ಕೇಳುವ ಧೈರ್ಯ ಮಾಡಿರಲಿಲ್ಲ. ನಂಬರ್ ಕೊಟ್ಟೆ.

ಆ ಪ್ರಶ್ನೆಯಲ್ಲಿ ಅಧಿಕಪ್ರಸಂಗ ಏನಾದರೂ ಇದೆಯೇ ಎಂದು ಲೆಕ್ಕ ಹಾಕಿ ನೋಡಿದ್ದೇನೆ. ತಿಂಗಳಿಗೆ 14,000 ಬಾಡಿಗೆಯ ಮನೆಯಲ್ಲಿ ಬಾಡಿಗೆದಾರರು ಒಂದು ತಿಂಗಳು ತಪ್ಪಿಸಿದರೆ ಮಾಲೀಕರ ಕೈಯಲ್ಲಿ 1,40,000 ಇರುತ್ತದೆ, ಅದರಲ್ಲಿ ಮುರಿದುಕೊಳ್ಳಬಹುದು. ಮಾಲೀಕರು ತಪ್ಪಿದರೆ ಬಾಡಿಗೆದಾರರ ಕೈಯಲ್ಲಿ ಏನಿರುತ್ತದೆ? ಬಡ್ಡಿಯಿಲ್ಲದೆ, ಅಡಮಾನವಿಲ್ಲದೆ, ವರ್ಷಗಟ್ಟಲೆ ಅಷ್ಟು ದುಡ್ಡನ್ನು ಕೊಟ್ಟು ಕೂತವರು ಬಾಡಿಗೆದಾರರು. ಲೋಕದ ರೂಢಿಯಲ್ಲಿ ಸಾಲ ಕೊಡುವವರು ತೆಗೆದುಕೊಳ್ಳುವವರ ಹಿನ್ನೆಲೆ ವಿಚಾರಿಸುತ್ತಾರೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಮಾತ್ರ ದುಡ್ಡು ಕೊಡುವವರ ನಡತೆಯನ್ನು ಅದನ್ನು ತೆಗೆದುಕೊಳ್ಳುವವರು ವಿಚಾರಿಸುತ್ತಾರೆ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚಿನ ಅಡ್ವಾನ್ಸ್ ಬೇಡ ಎನ್ನುತ್ತದೆ. ಆದರೆ ಅದು ಮಾದರಿ ಮಾತ್ರ. ರಾಜ್ಯಗಳು ತಮ್ಮ ಕಾನೂನು ಮಾಡಿಕೊಂಡರಷ್ಟೇ ಜಾರಿ.

ಮಿರಾಂಡಾ ಫ್ರಿಕರ್ ಎಂಬ ತತ್ತ್ವಜ್ಞೆ 2007ರ ತಮ್ಮ ಪುಸ್ತಕದಲ್ಲಿ, ಮಾತಾಡುವವರು ಯಾರು ಅನ್ನುವ ಪೂರ್ವಗ್ರಹದಿಂದ ಅವರ ಮಾತಿಗೆ ಸಲ್ಲಬೇಕಾದ ಬೆಲೆ ಸಲ್ಲದೇ ಹೋಗುವುದೂ ಒಂದು ಅನ್ಯಾಯವೇ ಎಂದು ವಾದಿಸಿದ್ದಾರೆ. ಬಾಡಿಗೆಯ ಜಗಳಕ್ಕೆ ಸಾಕ್ಷಿಗಳು ಯಾವಾಗಲೂ ಇಬ್ಬರು. ನಾವು ಫೋನ್ ಮಾಡುವುದು ಒಬ್ಬರಿಗೆ. ಮನೆ ಇದ್ದವರ ಮಾತು ಮಾಹಿತಿ, ಮನೆ ಇಲ್ಲದವರ ಮಾತು ಸಬೂಬು ಎಂದು ಕೇಳುವ ಮುಂಚೆಯೇ ತೀರ್ಮಾನಿಸಿರುತ್ತೇವೆ. ಇದು ದುರುದ್ದೇಶದಿಂದ ಆಗುವುದಲ್ಲ, ಅಭ್ಯಾಸದಿಂದ ಆಗುವುದು.

ಇನ್ನು ಹಿಂದಿನ ಓನರ್ ಎಂಬುವರೇ ಇಲ್ಲದವರಿದ್ದಾರೆ. ರಾಯಚೂರಿನಿಂದ ಮೊದಲ ಕೆಲಸಕ್ಕೆ ಬಂದ ಹುಡುಗಿ, ಗಂಡನ ಮನೆ ಬಿಟ್ಟು ಮಗುವಿನೊಂದಿಗೆ ಹೊರಟವಳು, ಊರಿನ ಮನೆ ಮಾರಿ ಮಗನ ಓದಿಗೆಂದು ಬಂದ ರೈತ. ಇವರ ಬಗ್ಗೆ ಹೇಳಲು ಯಾರೂ ಇಲ್ಲ ಅನ್ನುವುದನ್ನೇ ನಾವು ಕೆಟ್ಟ ವರದಿಯಂತೆ ಓದುತ್ತೇವೆ. ಸಾಕ್ಷಿ ಇಲ್ಲದಿರುವುದು ದೋಷಕ್ಕೆ ಸಾಕ್ಷಿಯಲ್ಲ ಅನ್ನಲು ಯಾವ ದರ್ಶನವೂ ಬೇಕಿಲ್ಲ. ಇವತ್ತು ಒಳ್ಳೆಯ ಹೆಸರಿರುವ ಪ್ರತಿಯೊಬ್ಬ ಬಾಡಿಗೆದಾರರಿಗೂ ಯಾರೋ ಒಬ್ಬರು, ಯಾರನ್ನೂ ಕೇಳದೆ, ಮುಖ ನೋಡಿ ಮೊದಲ ಸಲ ಬೀಗದ ಕೈ ಕೊಟ್ಟಿರುತ್ತಾರೆ. ವಿಚಾರಿಸಿ ಕೊಡುವ ನಾವೆಲ್ಲ ಅಂಥವರು ಹೊತ್ತ ಅಪಾಯದ ಫಲ ಉಣ್ಣುತ್ತಿದ್ದೇವೆ. ಆಗಾಗ ನಾವೂ ಆ ಸರದಿ ತೆಗೆದುಕೊಳ್ಳುವುದು ನ್ಯಾಯ.

ಆದ್ದರಿಂದ ಫೋನ್ ಮಾಡುವುದನ್ನು ನಾನು ಬಿಟ್ಟಿಲ್ಲ, ಬಿಡಿ ಎಂದು ಯಾರಿಗೂ ಹೇಳುವುದೂ ಇಲ್ಲ. ಬಾಡಿಗೆ ಬಂತೇ, ಮನೆ ಹೇಗಿಟ್ಟುಕೊಂಡಿದ್ದರು, ಹೇಳಿ ಖಾಲಿ ಮಾಡಿದರೇ ಎಂದು ಕೇಳುತ್ತೇನೆ. ನಾಲ್ಕನೆಯದಾಗಿ, ಅವರ ಅಡ್ವಾನ್ಸ್ ಪೂರ್ತಿ ಕೊಟ್ಟಿರಾ ಎಂದೂ ಕೇಳುತ್ತೇನೆ. ಆ ಪ್ರಶ್ನೆಗೆ ಆಚೆ ಕಡೆಯಿಂದ ಬರುವ ಮೌನ ಎಷ್ಟೋ ಸಲ ಮೊದಲ ಮೂರು ಉತ್ತರಗಳ ಅರ್ಥವನ್ನೇ ಬದಲಿಸಿದೆ. ಕೇಳಿದ್ದನ್ನು ಮನೆ ಕೇಳಲು ಬಂದವರಿಗೆ ಹೇಳುತ್ತೇನೆ, ಅವರ ಮಾತು ಕೇಳಿದ ಮೇಲೆಯೇ ತೀರ್ಮಾನ. ನಮ್ಮ ಮಹಡಿಯಲ್ಲಿ ಹಿಂದೆ ಇದ್ದ ಇಬ್ಬರ ನಂಬರನ್ನು, ಅವರ ಒಪ್ಪಿಗೆ ಪಡೆದು, ಕರಾರು ಪತ್ರಕ್ಕೆ ಮುಂಚೆಯೇ ಕೊಡುತ್ತೇನೆ. ತೆಗೆದುಕೊಂಡವರಲ್ಲಿ ಹೆಚ್ಚಿನವರು ಫೋನ್ ಮಾಡಿಲ್ಲ ಎಂದು ಆಮೇಲೆ ತಿಳಿಯಿತು. ಮಾಡಬಹುದಿತ್ತು ಅನ್ನುವುದಷ್ಟೇ ಅವರಿಗೆ ಸಾಕಾಗಿತ್ತೋ ಏನೋ.